ಕೈಗವಸು ತೆಗೆದ ಮೇಲೆ

ಕಲಬುರಗಿ
20 ನವೆಂಬರ್ 2023

ಚಿ. ಭಕ್ತಿಗೆ ಗೋದತ್ತೆಯ ಆಶೀರ್ವಾದ.

ಮೊನ್ನೆ ನಿಮ್ಮಪ್ಪ ಫೋನ್ ಮಾಡಿದ್ದ. ನಾನು ಎಂದಿನಂತೆ ‘ಹೂಂ, ಹೂಂ’ ಎಂದೆ. ಅವನು ಏನು ಹೇಳಿದನೋ ಒಂದಕ್ಷರವೂ ತಿಳಿಯಲಿಲ್ಲ. ಕಿವಿಯ ಮಶೀನು ಹಾಕಿಕೊಂಡರೆ ಎದುರು ಕೂತವರ ಮಾತು ಅಷ್ಟಿಷ್ಟು ಕೇಳುತ್ತದೆ, ಫೋನಿನಲ್ಲಿ ಬರೀ ಕಡಲೆ ಹುರಿದ ಸದ್ದು. ವಾಟ್ಸಾಪಿನಲ್ಲಿ ಬೆರಳು ಕುಟ್ಟುವುದು ನನಗೆ ಒಗ್ಗಿಲ್ಲ. ಹೈಸ್ಕೂಲಿನಲ್ಲಿ ಅಷ್ಟು ವರ್ಷ ಕನ್ನಡ ಕಲಿಸಿದವಳು, ಪೆನ್ನು ಹಿಡಿದರೇ ನನಗೆ ಮಾತು ಬರುವುದು. ನಿಮ್ಮಪ್ಪ ಮಲ್ಲಿಕಾರ್ಜುನ ಬಾಲಾನಗರದ ಫ್ಯಾಕ್ಟರಿಯಲ್ಲಿ ಸೇರಿದಂದಿನಿಂದ ನಿವೃತ್ತನಾಗುವ ತನಕ ಅಕ್ಕನ ಒಂದು ಕಾಗದಕ್ಕೂ ಉತ್ತರ ಬರೆದವನಲ್ಲ. ನೀನಾದರೂ ಬರೆಯುತ್ತೀ. ಅದು ನಿಮ್ಮಮ್ಮ ಅಹಲ್ಯಾಳ ಗುಣ.

ಮಧ್ಯಾಹ್ನ ಊಟಕ್ಕೆ ಕೂರುವಾಗ ನಿಮ್ಮ ಚಾನೆಲ್ ಹಾಕಿಕೊಳ್ಳುತ್ತೇನೆ. ತೆಲುಗು ತಿಳಿಯುವುದಿಲ್ಲ, ತಿಳಿದರೂ ಕೇಳುವುದಿಲ್ಲ. ಪರದೆಯ ಮೂಲೆಯ ಚೌಕದಲ್ಲಿ ನಿಂತು ನೀನು ಕಿವುಡರಿಗಾಗಿ ಕೈಸನ್ನೆಯಲ್ಲಿ ಸುದ್ದಿ ಹೇಳುವುದನ್ನು ನೋಡುತ್ತೇನೆ. ಮಳೆ, ಮಂತ್ರಿ, ಬಸ್ಸು ಇಷ್ಟು ಗುರುತು ಸಿಗುತ್ತಿದೆ. ಆದರೆ ಈ ವಾರ ಕಪ್ಪು ಕೈಗವಸು ಹಾಕಿಕೊಂಡಿದ್ದೀ. ಅಲ್ಲಿ ಅಷ್ಟೊಂದು ಚಳಿಯೇ? ನಮ್ಮಲ್ಲಿ ಇನ್ನೂ ಫ್ಯಾನು ತಿರುಗುತ್ತಿದೆ.

ಇನ್ನೊಂದು ಮಾತು. ಹುಬ್ಬಳ್ಳಿಯ ಸಂಬಂಧ ಬಂದಿದೆ. ಹುಡುಗನ ಹೆಸರು ನಿಶಾಂತ, ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುತ್ತಾನೆ. ಜಾತಕ ಕೂಡಿ ಬಂದಿದೆ. ಒಂದು ಒಳ್ಳೆಯ ಫೋಟೋ ಕಳಿಸು. ಟೀವಿಯಲ್ಲಿ ತೊಡುವ ಆ ಕಪ್ಪು ಕುರ್ತಾ ಬೇಡ.

ಗೋದಾಬಾಯಿ


ಉಪ್ಪಲ್, ಹೈದರಾಬಾದ್
2 ಡಿಸೆಂಬರ್ 2023

ಪ್ರೀತಿಯ ಗೋದತ್ತೆ,

ನಮಸ್ಕಾರಗಳು. ನನಗೆ ಇಷ್ಟು ನಿಷ್ಠಾವಂತ ಪ್ರೇಕ್ಷಕರು ಇನ್ನೊಬ್ಬರಿಲ್ಲ. ನೀವು ‘ಮಂತ್ರಿ’ ಎಂದುಕೊಂಡಿರುವ ಸನ್ನೆ ಬಹುಶಃ ‘ಮೀಟಿಂಗ್’ ಇರಬೇಕು. ದಿನಾ ಎರಡೂ ಒಟ್ಟಿಗೇ ಬರುವುದರಿಂದ ತಪ್ಪು ನಿಮ್ಮದಲ್ಲ.

ಕೈಗವಸಿನ ವಿಷಯ: ಸ್ಟುಡಿಯೊದಲ್ಲಿ ಎಸಿ ಜೋರು. ಅಷ್ಟೇ.

ಕಪ್ಪು ಕುರ್ತಾ ಯಾಕೆ ಎಂದು ಹಿಂದೆಯೂ ಕೇಳಿದ್ದಿರಿ. ಹಿನ್ನೆಲೆ ಕಪ್ಪಿದ್ದರೆ ಕೈ ಎದ್ದು ಕಾಣುತ್ತದೆ. ನೋಡುವವರು ಓದಬೇಕಾದದ್ದು ನನ್ನ ಕೈ ಮತ್ತು ಮುಖ, ಬಟ್ಟೆಯಲ್ಲ. ಫೋಟೋ ನಿಧಾನಕ್ಕೆ ಕಳಿಸುತ್ತೇನೆ, ಈಗ ಚುನಾವಣೆಯ ಗದ್ದಲ. ನಾಳೆ ಮತ ಎಣಿಕೆ, ಬೆಳಗಿನಿಂದ ನಿಂತೇ ಇರಬೇಕು.

ಅಮ್ಮ ನಿಮ್ಮ ಮಂಡಿನೋವು ವಿಚಾರಿಸಿದ್ದಾಳೆ.

ನಿಮ್ಮ
ಭಕ್ತಿ


ಕಲಬುರಗಿ
8 ಜನವರಿ 2024

ಚಿ. ಭಕ್ತಿ,

ಸಂಕ್ರಾಂತಿಗೆ ಎಳ್ಳು ಕಳಿಸುತ್ತಿದ್ದೇನೆ, ಒಳ್ಳೆಯ ಮಾತಾಡು. ಹಾಗೆಯೇ ನಿಜವನ್ನೂ ಆಡು.

ಕೆಲವು ವಾರಗಳಿಂದ ಆ ಚೌಕದಲ್ಲಿ ನೀನಿಲ್ಲ. ಯಾರೋ ದಪ್ಪ ಮೀಸೆಯವನು ಬಂದು ನಿಲ್ಲುತ್ತಾನೆ. ಅವನ ಮುಖ ಗೋಡೆಯ ಹಾಗೆ, ಮಳೆ ಬಂದರೂ ಮಂತ್ರಿ ಬಂದರೂ ಒಂದೇ. ನಿಮ್ಮಪ್ಪನಿಗೆ ಕಾಗದ ಹಾಕಿ ಕೇಳಿದೆ. ‘ರಜೆಯಲ್ಲಿದ್ದಾಳೆ’ ಎಂದು ಪೋಸ್ಟ್ ಕಾರ್ಡಿನಲ್ಲಿ ಒಂದು ಸಾಲು ಬರೆದ. ಹುಟ್ಟಿದಂದಿನಿಂದ ಕಾಗದ ಬರೆಯದವನು ಈಗ ಕಾರ್ಡು ಬರೆದನೆಂದರೆ ಏನೋ ಇದೆ ಎಂದೇ ಅರ್ಥ.

ಫೋಟೋ ಕಳಿಸಲಿಲ್ಲ. ಕೆಲಸಕ್ಕೆ ಹೋಗುತ್ತಿಲ್ಲ. ನಾನು ಇಷ್ಟು ವರ್ಷ ಹುಡುಗಿಯರ ಶಾಲೆಯಲ್ಲಿದ್ದವಳು, ಲಕ್ಷಣ ಗೊತ್ತಾಗುತ್ತದೆ. ಯಾರನ್ನಾದರೂ ನೋಡಿಕೊಂಡಿದ್ದೀಯಾ? ತೆಲುಗಿನವನೇ? ಮುಸಲ್ಮಾನನೇ? ನನಗೇನೂ ಸಿಟ್ಟಿಲ್ಲ. ಮುಚ್ಚಿಡಬೇಡ. ನಿಮ್ಮಪ್ಪನನ್ನು ಒಪ್ಪಿಸುವುದು ನನಗೆ ಬಿಡು.

ಗೋದಾಬಾಯಿ


ಉಪ್ಪಲ್
19 ಜನವರಿ 2024

ಪ್ರೀತಿಯ ಅತ್ತೆ,

ನಿಮ್ಮ ಕಾಗದ ಓದಿ ಅಮ್ಮ ತಲೆ ಚಚ್ಚಿಕೊಂಡಳು, ನಾನು ನಕ್ಕೆ. ತೆಲುಗಿನವನೂ ಇಲ್ಲ, ಮುಸಲ್ಮಾನನೂ ಇಲ್ಲ. ಆದರೆ ಯಾರನ್ನು ತಂದರೂ ಒಪ್ಪಲು ನೀವು ತಯಾರಿದ್ದಿರಿ ಎಂಬುದನ್ನು ನೆನಪಿಟ್ಟುಕೊಂಡಿದ್ದೇನೆ.

ನನಗೆ ತೊನ್ನು ಬಂದಿದೆ.

ಹೋದ ಮಳೆಗಾಲದಲ್ಲಿ ಬಲಗೈ ಗಿಣ್ಣಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ ಕಂಡಿತು. ಸುಣ್ಣ ತಾಗಿದೆ ಎಂದು ಉಜ್ಜಿದೆ. ಈಗ ಎರಡೂ ಕೈಗಳ ಬೆರಳಿನಿಂದ ಮಣಿಕಟ್ಟಿನವರೆಗೆ ಹರಡಿದೆ, ಬಾಯಿಯ ಪಕ್ಕದಲ್ಲೂ ಒಂದಿದೆ. ನೋವಿಲ್ಲ, ತುರಿಕೆಯಿಲ್ಲ. ಸಿಕಂದರಾಬಾದಿನಲ್ಲಿ ಡಾಕ್ಟರ್ ಅಪೂರ್ವ ಎಂಬ ಚರ್ಮವೈದ್ಯೆಗೆ ತೋರಿಸಿದ್ದೇನೆ. ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ನಮ್ಮ ಮೈಯೇ ಶತ್ರು ಎಂದು ತಿಳಿದು ಕೆಡಿಸುತ್ತದಂತೆ. ಕುಷ್ಠಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಮುಟ್ಟಿದರೆ ಅಂಟುವುದಿಲ್ಲ. ಮುಲಾಮು ಇದೆ, ಆಸ್ಪತ್ರೆಯಲ್ಲಿ ಬೆಳಕಿನ ಚಿಕಿತ್ಸೆ ಇದೆ. ಮುಖದ್ದು ತುಂಬಿಕೊಳ್ಳಬಹುದು, ಬೆರಳ ತುದಿಯದು ಹಠಮಾರಿ ಎಂದರು. “ಬಣ್ಣ ಬಂದರೂ ಬರಬಹುದು, ಬರದಿದ್ದರೂ ನಿಮ್ಮ ಆರೋಗ್ಯಕ್ಕೆ ಕುಂದಿಲ್ಲ” ಎಂದು ನೇರವಾಗಿ ಹೇಳಿದರು. ಸುಳ್ಳು ಭರವಸೆ ಕೊಡದ ಡಾಕ್ಟರು ಸಿಕ್ಕಿದ್ದೇ ನನ್ನ ಪುಣ್ಯ.

ಇನ್ನು ಕೆಲಸದ ವಿಷಯ. ಯಾರೋ ಒಬ್ಬ ಪ್ರೇಕ್ಷಕ ಚಾನೆಲ್ಲಿಗೆ, ಊಟದ ಹೊತ್ತಿನಲ್ಲಿ ಇಂಥ ಕೈ ತೋರಿಸಬೇಡಿ ಎಂದು ಮೆಸೇಜ್ ಹಾಕಿದ. ನಮ್ಮ ಪ್ರೊಡ್ಯೂಸರ್ ಸಾಯಿಕುಮಾರ್ ಕೆಟ್ಟವರಲ್ಲ, ಪುಕ್ಕಲು ಸ್ವಭಾವ. “ಕೊಂಚೆಂ ಅಡ್ಜಸ್ಟ್ ಅವ್ವಮ್ಮಾ”, ಸ್ವಲ್ಪ ಹೊಂದಿಕೊಳ್ಳಮ್ಮಾ, ಎಂದು ಕೈಗೆ ಮೇಕಪ್ ಬಳಿಸಿದರು. ಸುದ್ದಿ ಮುಗಿಯುವುದರೊಳಗೆ ಅದು ಕುರ್ತಾಕ್ಕೆಲ್ಲ ಬಳಿದುಕೊಂಡಿತು. ಆಮೇಲೆ ಕೈಗವಸು. ಅದನ್ನು ನೀವು ನೋಡಿದ್ದೀರಿ.

ಹದಿನೈದು ದಿನದ ನಂತರ ಯಶವಂತ ಸರ್ ಸಿಕ್ಕಿದರು. ಹುಟ್ಟು ಕಿವುಡರು, ಸಿಕಂದರಾಬಾದಿನ ಕಿವುಡರ ಶಾಲೆಯಲ್ಲಿ ಮೇಷ್ಟ್ರು, ನನಗೆ ಸನ್ನೆಭಾಷೆ ಕಲಿಸಿದ ಗುರು. ಅವರು ಸನ್ನೆಯಲ್ಲಿ ಕೇಳಿದರು: “ಯಾಕೆ ನೀನು ಗೊಣಗುತ್ತಿದ್ದೀ? ಬಾಯಲ್ಲಿ ಅನ್ನ ಇಟ್ಟುಕೊಂಡು ಮಾತಾಡಿದ ಹಾಗಿದೆ.” ಕಪ್ಪು ಕುರ್ತಾದ ಮುಂದೆ ಕಪ್ಪು ಕೈಗವಸು, ಬೆರಳು ಯಾವುದು ಅಂಗೈ ಯಾವುದು ಅವರಿಗೆ ತಿಳಿಯುತ್ತಿರಲಿಲ್ಲ. ಮರುದಿನ ಕೈಗವಸು ಸಾಯಿಕುಮಾರ್ ಅವರ ಮೇಜಿನ ಮೇಲಿಟ್ಟೆ. ಬರಿಗೈಯಲ್ಲಾದರೆ ನಿಲ್ಲುತ್ತೇನೆ, ಇಲ್ಲವಾದರೆ ಇಲ್ಲ ಎಂದೆ. ಮೀಸೆಯವರನ್ನು ಕರೆಸಿದರು.

ನಾನು ಅಳುತ್ತ ಕೂತಿಲ್ಲ. ಆಸ್ಪತ್ರೆಗಳಲ್ಲಿ, ಕೋರ್ಟಿನಲ್ಲಿ ಕಿವುಡರ ಪರವಾಗಿ ದುಭಾಷಿ ಕೆಲಸ ಮಾಡುತ್ತಿದ್ದೇನೆ. ಹುಬ್ಬಳ್ಳಿಯವರಿಗೆ ದಯವಿಟ್ಟು ವಿಷಯ ತಿಳಿಸಿಬಿಡಿ.

ನಿಮ್ಮ
ಭಕ್ತಿ


ಕಲಬುರಗಿ
27 ಜನವರಿ 2024

ಚಿ. ಭಕ್ತಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಎಷ್ಟು ಧೈರ್ಯವಾಗಿ ಬರೆದಿದ್ದೀ ಮಗಳೇ, ನನಗೆ ಅಷ್ಟು ಧೈರ್ಯವಿಲ್ಲ.

ಇಂಗ್ಲಿಷ್ ಡಾಕ್ಟರು ಹೇಳುವುದು ಹೇಳಲಿ. ಇಲ್ಲಿ ಗದಿಗೆಮ್ಮ ಎಂಬವರು ಔಷಧ ಕೊಡುತ್ತಾರೆ. ಬಾವಂಚಿ ಬೀಜದ ಪುಡಿ, ಪಾರ್ಸೆಲ್ ಮಾಡಿದ್ದೇನೆ. ಗೋಮೂತ್ರದಲ್ಲಿ ಕಲೆಸಿ ಹಚ್ಚಿಕೊಂಡು ಎಳೆಬಿಸಿಲಿಗೆ ಕೂರಬೇಕು. ಬದನೆಕಾಯಿ, ಹುಣಿಸೆ, ಮೊಸರು ಬಿಡು. ಹಾಲು ಕುಡಿದ ಮೇಲೆ ಹುಳಿ ತಿನ್ನಬೇಡ. ನಿಮ್ಮಮ್ಮ ನಿನ್ನ ಬಾಯಿಗೆ ಹಿಡಿತ ಹಾಕದೆ ಬೆಳೆಸಿದ್ದಾಳೆ.

ಯಾರಿಗೂ ಹೇಳಬೇಡ. ಹುಬ್ಬಳ್ಳಿಯವರಿಗೆ ನಾನು ಸದ್ಯ ಏನೂ ತಿಳಿಸಿಲ್ಲ. ಸೀರೆಯ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಒಂದು ಫೋಟೋ ತೆಗೆಸಿ ಕಳಿಸು, ವಾಸಿಯಾದ ಮೇಲೆ ಮುಂದಿನದು. ನಮ್ಮ ಓಣಿಯ ಕೊನೆಯಲ್ಲಿ ಗುಂಡಮ್ಮ ಇದ್ದಾಳೆ, ಹುಡುಗಿಯರ ಪೀಜಿ ನಡೆಸುತ್ತಾಳೆ. ಮದುವೆಯಾದ ಎರಡನೆಯ ವರ್ಷ ಕತ್ತು, ತೋಳಿನ ಮೇಲೆ ತೊನ್ನು ಕಂಡಿತೆಂದು ಗಂಡನ ಮನೆಯವರು ತವರಿಗೆ ತಂದು ಬಿಟ್ಟುಹೋದರು. ಈಗಲೂ ಗೌರಿಯ ಅರಿಶಿನ ಕುಂಕುಮಕ್ಕೆ ಅವಳನ್ನು ಯಾರೂ ಕರೆಯುವುದಿಲ್ಲ. ಅದನ್ನೆಲ್ಲ ಕಂಡವಳು ನಾನು. ಅದಕ್ಕೇ ಹೇಳುತ್ತಿದ್ದೇನೆ.

ಗೋದಾಬಾಯಿ


ಉಪ್ಪಲ್
12 ಫೆಬ್ರವರಿ 2024

ಗೋದತ್ತೆಯವರಿಗೆ,

ಪಾರ್ಸೆಲ್ ತಲುಪಿತು. ಫೋಟೋ ಇದರ ಜೊತೆ ಇಟ್ಟಿದ್ದೇನೆ. ನಿಮ್ಮ ಕಾಗದ ಬಂದ ದಿನವೇ ಎರಡೂ ಕೈ ಎದುರಿಗೇ ಹಿಡಿದು ತೆಗೆಸಿದ್ದು. ಹುಬ್ಬಳ್ಳಿಗೆ ಕಳಿಸುವುದಾದರೆ ಇದನ್ನೇ ಕಳಿಸಬೇಕು. ಮೊಸರು ಬಿಡುವುದಿಲ್ಲ, ಬದನೆಕಾಯಿಯನ್ನು ಮೊದಲೂ ತಿನ್ನುತ್ತಿರಲಿಲ್ಲ. ಅಮ್ಮ ನನ್ನನ್ನು ಬೆಳೆಸಿದ್ದರಲ್ಲಿ ಯಾವ ದೋಷವೂ ಇಲ್ಲ. ಈ ಮಾತು ಅವಳು ಓದುವ ಕಾಗದದಲ್ಲಿ ನೀವು ಬರೆಯಬಾರದಿತ್ತು.

ಅಕ್ಷರ ಸೊಟ್ಟಗಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಭಕ್ತಿ

ಅಕ್ಕಾರಿಗೆ ಅಹಲ್ಯಾಳ ನಮಸ್ಕಾರ. ಆಕಿ ಬರೆಯೂದಿಲ್ಲ, ಅದಕ್ಕ ನಾ ಬರೆಯಾಕತ್ತೀನಿ. ಆಕಿ ಬ್ಯಾಡ ಅಂದ್ಲು. ನಾನ ಅತ್ತು ಕರದು ಬಲಗೈಗೆ ಪುಡಿ ಹಚ್ಚಿ ಮಾಳಿಗಿ ಮ್ಯಾಲ ಕುಂದರಿಸಿದೆ. ಕೈತುಂಬ ಗುಳ್ಳಿ ಎದ್ದಾವು, ಚರ್ಮ ಸುಟ್ಟೈತಿ. ಡಾಕ್ಟರಮ್ಮ ನನ್ನನ್ನ ಭಾಳ ಬೈದ್ರು. ಬೆರಳು ಮಡಚಾಕ ಆಗವಲ್ದು, ಸನ್ನೆ ಮಾಡೋ ಕೆಲಸೂ ನಿಂತೈತಿ. ಅಕ್ಕಾರೆ, ನಿಮ್ಮದೂ ತಪ್ಪಲ್ಲ ನನ್ನದೂ ತಪ್ಪಲ್ಲ ಅಂತ ಆಕಿ ಅಂತಾಳ. ನನಗ ಹಂಗ ಅನಸವಲ್ದು.


ಕಲಬುರಗಿ
20 ಫೆಬ್ರವರಿ 2024

ಮಗಳೇ,

ಅಹಲ್ಯಾಳ ನಾಲ್ಕು ಸಾಲು ಓದಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಗದಿಗೆಮ್ಮನ ಹತ್ತಿರ ಹೋಗಲು ಮನಸ್ಸು ಬರಲಿಲ್ಲ. ಕಾಲು ಗುಂಡಮ್ಮನ ಪೀಜಿಯ ಕಡೆ ತಿರುಗಿತು. ಸುಟ್ಟದ್ದಕ್ಕೆ ಏನು ಮಾಡಬೇಕು ಎಂದು ಅವಳಿಗಾದರೂ ಗೊತ್ತಿದ್ದೀತು ಎಂದುಕೊಂಡೆ.

ಬಾಗಿಲಲ್ಲೇ ನಿಂತೆ. ಅವಳು ಹುಡುಗಿಯರಿಗೆ ಬಡಿಸುತ್ತಿದ್ದಳು.

“ಒಳಗ ಬರ್ರಿ ಟೀಚರ್. ಇಷ್ಟು ವರ್ಷಕ್ಕ ದಾರಿ ಸಿಕ್ತೇನು?” ಎಂದು ನನ್ನ ಕಿವಿಗೆ ಬೀಳುವಷ್ಟು ಜೋರಾಗಿ ಕೇಳಿದಳು. ಹುಡುಗಿಯರೆಲ್ಲ ತಿರುಗಿ ನೋಡಿದರು.

ಒಳಗೆ ಕೂತು ನಿನ್ನ ವಿಷಯ ಹೇಳಿದೆ. ಪುಡಿಯ ವಿಷಯವನ್ನೂ ಹೇಳಿದೆ. ಅವಳು ತೋಳು ಸರಿಸಿ ತೋರಿಸಿದಳು. ಮೊಣಕೈವರೆಗೆ ಗಂಟುಗಂಟಾದ ಹಳೆಯ ಗಾಯದ ಗುರುತು.

“ಇದು ತೊನ್ನಲ್ಲ ಟೀಚರ್. ಇದು ಬಾವಂಚಿ. ನಮ್ಮತ್ತಿ ಹಚ್ಚಿ ಹಚ್ಚಿ ಬಿಸಿಲಿಗೆ ಕುಂದರಸ್ತಿದ್ಲು. ತೊನ್ನು ನನಗ ಒಂದು ದಿನಾನೂ ನೋಯಿಸಿಲ್ಲ. ನೋಯಿಸಿದ್ದೆಲ್ಲಾ ಔಷಧ.” ಆಮೇಲೆ ಸಿಟ್ಟಿನಿಂದಲೇ, “ಆ ಹುಡಿಗಿ ಡಾಕ್ಟರ್ ಕಡೆ ಹೋಗ್ಯಾಳಲ್ಲ, ಅಕಿನ್ನ ಅಲ್ಲೇ ಬಿಡ್ರಿ. ನಡುವ ನೀವ್ಯಾಕ ಕೈ ಹಾಕ್ತೀರಿ?” ಎಂದಳು.

ಏಳಬೇಕೆಂದರೆ ತಟ್ಟೆ ತಂದಿಟ್ಟಳು. ಜೋಳದ ರೊಟ್ಟಿ, ಪುಂಡಿ ಪಲ್ಯ. ನಾನು ತಡವರಿಸಿದ್ದು ಅವಳಿಗೆ ಕಂಡಿತು.

“ಉಣ್ರಿ. ಈ ಹುಡಿಗ್ಯಾರು ವರ್ಷಗಟ್ಟಲೆ ನನ್ನ ಕೈಯಾಗಿನ ರೊಟ್ಟಿ ಉಂಡಾರ. ಯಾರಿಗೂ ತೊನ್ನು ಹತ್ತಿಲ್ಲ. ಮೈ ಮಾತ್ರ ಹತ್ತೈತಿ.”

ಹುಡುಗಿಯರು ಹೋ ಎಂದು ನಕ್ಕರು. ನಾನು ಉಂಡೆ. ಎರಡನೆಯ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡೆ.

ಮನೆಗೆ ಬಂದು ಎರಡು ಕಾಗದ ಬರೆದೆ. ಒಂದು ಹುಬ್ಬಳ್ಳಿಗೆ. ಇದ್ದದ್ದನ್ನು ಇದ್ದಂತೆ ಬರೆದು ನಿನ್ನ ಫೋಟೋ ಅದರಲ್ಲಿಟ್ಟೆ. ಇನ್ನೊಂದು ಇದು. ಅಹಲ್ಯಾಳ ಬಗ್ಗೆ ಬರೆದ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ ಎಂದು ಅವಳಿಗೆ ಓದಿ ಹೇಳು. ಬೆರಳು ಮಡಚಲು ಬಂದ ದಿನ ನನಗೆ ತಿಳಿಸು.

ಗೋದತ್ತೆ


ಉಪ್ಪಲ್
31 ಮಾರ್ಚ್ 2024

ಪ್ರೀತಿಯ ಗೋದತ್ತೆ,

ಬೆರಳು ಮಡಚುತ್ತೇನೆ, ಬಿಚ್ಚುತ್ತೇನೆ, ಈ ಕಾಗದವನ್ನು ಬಲಗೈಯಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಕಾಗದ ಓದಿ ಹೇಳಿದಾಗ ಅಮ್ಮ ಮೂಗು ಒರೆಸಿಕೊಂಡು, “ಅಕ್ಕಾರು ಎರಡು ರೊಟ್ಟಿ ಉಂಡ್ರಂತ? ನಮ್ಮ ಮನ್ಯಾಗ ಒಂದಕ್ಕ ಸಾಕಂತಾರ” ಎಂದಳು. ಅಲ್ಲಿಗೆ ಅವಳು ಸರಿಹೋದಳು.

ಈಗ ದೊಡ್ಡ ಸುದ್ದಿ. ನಾನು ಕೈ ಸುಟ್ಟುಕೊಂಡು ಮನೆಯಲ್ಲಿದ್ದಾಗ ಯಶವಂತ ಸರ್ ಸುಮ್ಮನಿರಲಿಲ್ಲ. ಮೀಸೆಯವರಿಗೆ ಸನ್ನೆ ಅರ್ಧಂಬರ್ಧ ಬರುತ್ತದಂತೆ. ‘ನಾಳೆ ನೀರು ಬರುವುದಿಲ್ಲ’ ಎಂಬುದನ್ನು ‘ನಾಳೆ ನೀರು ಕುಡಿಯಬೇಡಿ’ ಎಂದುಬಿಟ್ಟಿದ್ದರು. ಕಿವುಡರ ಸಂಘದವರು ಒಬ್ಬೊಬ್ಬರಾಗಿ ಚಾನೆಲ್ಲಿಗೆ ಸನ್ನೆಯ ವಿಡಿಯೊ ಕಳಿಸತೊಡಗಿದರು. ಅದರಲ್ಲಿ ಏನಿದೆ ಎಂದು ತಿಳಿಯಲು ಚಾನೆಲ್ಲಿನವರಿಗೆ ದುಭಾಷಿ ಬೇಕಾಯಿತು. ಮೀಸೆಯವರು ಓದಲಾರೆ ಎಂದರಂತೆ. ಸಾಯಿಕುಮಾರ್ ನನಗೇ ಫೋನ್ ಮಾಡಿದರು!

ಹೋದೆ. ಯಶವಂತ ಸರ್ ಜೊತೆಗೆ ಬಂದರು. ಮ್ಯಾನೇಜರ ಕೋಣೆಯಲ್ಲಿ ನಾಲ್ಕು ಜನ. ಸರ್ ಮೊದಲು ಮಾಡಿದ್ದು ಏನೆಂದರೆ, ಟೀವಿಯ ಧ್ವನಿ ಪೂರ್ತಿ ತೆಗೆಸಿ, ನಾನು ಕೈಗವಸು ಹಾಕಿ ಹೇಳಿದ ಸುದ್ದಿಯನ್ನೂ ಹಿಂದೆ ಬರಿಗೈಯಲ್ಲಿ ಹೇಳಿದ ಸುದ್ದಿಯನ್ನೂ ಒಂದರ ಹಿಂದೊಂದು ಹಾಕಿಸಿದರು. ಮ್ಯಾನೇಜರಿಗೆ ಸನ್ನೆ ಗೊತ್ತಿಲ್ಲ, ಆದರೂ ವ್ಯತ್ಯಾಸ ಕಂಡಿತು. ಸರ್ ಸನ್ನೆ ಮಾಡುತ್ತ ಹೋದರು, ನಾನು ತೆಲುಗಿನಲ್ಲಿ ಹೇಳುತ್ತ ಹೋದೆ.

“ನಿಮ್ಮ ಸುದ್ದಿ ಓದುವವರ ಬಾಯಿಗೆ ಬಟ್ಟೆ ಕಟ್ಟಿ ಕೂರಿಸುತ್ತೀರಾ?”

“ಅದಲ್ಲ ಸರ್, ನೋಡುವವರಿಗೆ ಅಸಹ್ಯ...” ಎಂದರು ಮ್ಯಾನೇಜರ್. ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ನಾನು ಅದನ್ನೂ ಸನ್ನೆಯಲ್ಲಿ ಸರ್‌ಗೆ ಹೇಳಬೇಕಾಯಿತು. ‘ಅಸಹ್ಯ’ ಎಂಬುದನ್ನು ನನ್ನ ಕೈಯಿಂದಲೇ ಹೇಳಿದೆ.

ಆಮೇಲೆ ನಾನು ನನ್ನದೇ ಮಾತು ಆಡಿದೆ. “ಸರ್, ಇದು ಯಾರಿಗೂ ಅಂಟುವುದಿಲ್ಲ. ಟೀವಿಯೊಳಗಿಂದಂತೂ ಅಂಟುವುದಿಲ್ಲ. ಒಬ್ಬರು ಬೇಡವೆಂದರು, ಇಷ್ಟು ಜನ ಬೇಕೆಂದಿದ್ದಾರೆ. ಯಾರ ಮಾತು ಕೇಳುತ್ತೀರಿ ಅಂತ ನೀವೇ ಹೇಳಿ, ನಾನು ಅವರಿಗೆ ಹೇಳುತ್ತೇನೆ.”

ಮ್ಯಾನೇಜರು ಸಾಯಿಕುಮಾರ್ ಅವರನ್ನು ನೋಡಿದರು. ಸಾಯಿಕುಮಾರ್ ನೆಲ ನೋಡಿದರು. ಆಮೇಲೆ ತಲೆಯೆತ್ತಿ, “ಸರ್, ಮತ್ತೆ ಮೆಸೇಜ್ ಬಂದರೆ ನಾನು ಉತ್ತರ ಕೊಡುತ್ತೇನೆ” ಎಂದರು. ಆ ಪುಕ್ಕಲು ಮನುಷ್ಯ ಅಷ್ಟು ಹೇಳಿದ್ದು ಸಣ್ಣ ಮಾತಲ್ಲ.

ಯುಗಾದಿಯಿಂದ ನಾನು ಮತ್ತೆ ಚೌಕದೊಳಗೆ. ಮಧ್ಯಾಹ್ನ ಊಟಕ್ಕೆ ಕೂತಾಗ ನೋಡಿ.

ಭಕ್ತಿ


ಕಲಬುರಗಿ
12 ಏಪ್ರಿಲ್ 2024

ಚಿ. ಭಕ್ತಿ,

ಯುಗಾದಿಯ ದಿನ ನಮ್ಮ ಟೀವಿ ಸರಿಯಾಗಿ ಕೈಕೊಟ್ಟಿತು. ಹೋಳಿಗೆ ಡಬ್ಬಿ ಹಿಡಿದುಕೊಂಡು ಗುಂಡಮ್ಮನ ಪೀಜಿಗೆ ಓಡಿದೆ. ಮಂಡಿ ಇದೆ ಎಂಬುದೂ ಮರೆತಿತ್ತು. ಊರಿಗೆ ಹೋಗದೆ ಉಳಿದ ಹುಡುಗಿಯರು, ಗುಂಡಮ್ಮ, ನಾನು ಎಲ್ಲರೂ ಟೀವಿಯ ಮುಂದೆ. ನೀನು ಬಂದೆ. ಸಣ್ಣ ಚೌಕ, ಅದರಲ್ಲಿ ನಿನ್ನ ಎರಡು ಕೈ. ಗುಂಡಮ್ಮ ಎದ್ದು ಟೀವಿಯ ಹತ್ತಿರ ಹೋಗಿ ನಿಂತಳು. ಹುಡುಗಿಯರು “ಆಂಟಿ, ಸರೀರಿ, ಕಾಣವಲ್ದು” ಎಂದು ಕೂಗಿದರೂ ಸರಿಯಲಿಲ್ಲ.

“ಮುಚ್ಚೇ ಇಲ್ಲ ನೋಡ್ರಿ” ಎಂದಳು. ಅಷ್ಟೇ ಅಂದದ್ದು.

ಹುಬ್ಬಳ್ಳಿಯಿಂದ ಉತ್ತರ ಬಂದಿದೆ. ಜಾತಕ ಕೂಡುವುದಿಲ್ಲವಂತೆ. ನವೆಂಬರಿನಲ್ಲಿ ಕೂಡಿದ ಜಾತಕ ಮಾರ್ಚಿನಲ್ಲಿ ಹೇಗೆ ಬಿಟ್ಟುಹೋಯಿತು, ಅಷ್ಟರಲ್ಲಿ ಗ್ರಹಗಳೇನಾದರೂ ಮನೆ ಖಾಲಿ ಮಾಡಿದವೇ ಎಂದು ಕೇಳಿ ಬರೆದಿದ್ದೇನೆ. ಉತ್ತರ ಬರುವುದಿಲ್ಲ. ಬೇಕಾಗಿಯೂ ಇಲ್ಲ.

ಜೂನ್ ಇಪ್ಪತ್ತೈದು ತೊನ್ನಿನ ಬಗ್ಗೆ ಅರಿವು ಮೂಡಿಸುವ ದಿನವಂತೆ, ನಿಮ್ಮ ಡಾಕ್ಟರಮ್ಮ ಸಭೆ ಮಾಡುತ್ತಾರಂತೆ ಎಂದು ಅಹಲ್ಯಾ ಬರೆದಿದ್ದಳು. ಗುಂಡಮ್ಮನಿಗೆ ಓದಿ ಹೇಳಿದೆ. “ನಾನೂ ಹೋಗ್ತೀನಿ” ಎಂದಳು. ನನಗೆ ಮಂಡಿಯ ಆಪರೇಷನ್ ಜೂನ್ ಮೊದಲ ವಾರಕ್ಕೆ ನಿಗದಿಯಾಗಿದೆ, ಬರಲಾಗದು. ಅವಳು ಒಬ್ಬಳೇ ಬರುತ್ತಾಳೆ. ಸಿಕಂದರಾಬಾದ್ ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋಗು. ಮಾತು ಒರಟು, ಬೇಜಾರು ಮಾಡಿಕೊಳ್ಳಬೇಡ.

ಗೋದತ್ತೆ


ಉಪ್ಪಲ್
26 ಜೂನ್ 2024

ಪ್ರೀತಿಯ ಗೋದತ್ತೆ,

ಹೊಸ ಮಂಡಿ ಹೇಗಿದೆ? ನಿಮ್ಮ ಗುಂಡಮ್ಮ ಈಗ ನಮ್ಮ ಅಡುಗೆಮನೆಯಲ್ಲಿ ಅಮ್ಮನಿಗೆ ರೊಟ್ಟಿ ಬಡಿಯುವುದು ಹೇಗೆಂದು ತಿದ್ದಿ ಹೇಳುತ್ತಿದ್ದಾರೆ. ಅಮ್ಮ ಸಹಿಸಿಕೊಂಡಿದ್ದಾಳೆ. ನೀವು ಬರಲಿಲ್ಲವಲ್ಲ, ನಿನ್ನೆ ನಡೆದದ್ದನ್ನು ಪೂರ್ತಿ ಬರೆಯುತ್ತೇನೆ.

ಸಿಕಂದರಾಬಾದಿನ ಸಣ್ಣ ಸಭಾಂಗಣ. ಡಾಕ್ಟರ್ ಅಪೂರ್ವ ತೆಲುಗಿನಲ್ಲಿ ಮಾತಾಡಿದರು, ಯಶವಂತ ಸರ್ ಕಡೆಯವರೂ ಬಂದಿದ್ದರಿಂದ ನಾನು ಪಕ್ಕದಲ್ಲಿ ನಿಂತು ಸನ್ನೆಯಲ್ಲಿ ಹೇಳಿದೆ. ಜನ ಹಿಂದಿನ ಸಾಲುಗಳಿಂದ ತುಂಬಿಕೊಂಡು ಬಂದಿದ್ದರು. ಮುಂದಿನ ಕುರ್ಚಿಗಳು ಖಾಲಿ. ಬಹಳ ಹೆಂಗಸರು ಜೂನ್ ಸೆಖೆಯಲ್ಲೂ ಉದ್ದ ತೋಳು ತೊಟ್ಟಿದ್ದರು. ಒಬ್ಬ ತಾಯಿ ಮಗಳ ಮುಖಕ್ಕೆ ದುಪಟ್ಟಾ ಬಿಗಿದಿದ್ದಳು. ಪ್ರಶ್ನೆ ಕೇಳಿ ಎಂದರೆ ಯಾರೂ ಬಾಯಿ ಬಿಡಲಿಲ್ಲ.

ಗುಂಡಮ್ಮ ಎದ್ದರು. ನೇರ ಮುಂದಿನ ಸಾಲಿಗೆ ಬಂದು ಮೈಕು ತೆಗೆದುಕೊಂಡರು.

“ನನಗ ಕನ್ನಡ ಬಿಟ್ರ ಬ್ಯಾರೆ ಬರೂದಿಲ್ಲ. ಯಾರರ ಹೇಳ್ರಿ ಇವರಿಗೆ” ಎಂದರು.

ನನ್ನ ಕೈ ಸನ್ನೆಗೆ ಬೇಕು, ಒಟ್ಟಿಗೇ ಎರಡು ಭಾಷೆ ಆಗದು. ತೆಲುಗಿಗೆ ಯಾರು? ಆಗ ಅಮ್ಮ ಎದ್ದು ನಿಂತಳು ಅತ್ತೆ. ನಾಲ್ಕು ಜನರೆದುರು ಹೆಸರು ಹೇಳಲೂ ನಾಚುವ ನಮ್ಮಮ್ಮ ಇನ್ನೊಂದು ಮೈಕು ಹಿಡಿದುಕೊಂಡಳು.

ಗುಂಡಮ್ಮ ಹೇಳಿದರು: “ನನ್ನ ಗಂಡನ ಮನಿಯವರು ಟಾಂಗಾದಾಗ ಕುಂದರಿಸಿ ತವರಿಗೆ ತಂದು ಬಿಟ್ರು. ನಾ ಏನು ತಪ್ಪು ಮಾಡೀನಿ ಅಂತ ಕೇಳಿದೆ. ಯಾರೂ ಹೇಳಲಿಲ್ಲ.”

ಅಮ್ಮ ತೆಲುಗಿನಲ್ಲಿ, ‘ಅವರನ್ನು ಗಂಡನ ಮನೆಯವರು ತವರಿಗೆ ತಂದು ಬಿಟ್ಟರಂತೆ, ತಾವೇನು ತಪ್ಪು ಮಾಡಿದೆವು ಎಂದು ಅವರು ಕೇಳಿದರಂತೆ’ ಎಂದಳು. ಸರಿಯಾಗಿಯೇ ಹೇಳಿದಳು. ಆದರೆ ನಮ್ಮ ಕೆಲಸದಲ್ಲಿ ಹಾಗೆ ಹೇಳುವುದಿಲ್ಲ ಅತ್ತೆ. ಮಾತಾಡುವವರು ‘ನಾನು’ ಎಂದರೆ ದುಭಾಷಿಯೂ ‘ನಾನು’ ಎನ್ನಬೇಕು. ನಾನು ನನ್ನ ಎದೆ ಮುಟ್ಟಿಕೊಂಡೆ. ನನ್ನನ್ನು ತಂದು ಬಿಟ್ಟರು. ನಾನೇನು ತಪ್ಪು ಮಾಡಿದೆ? ಪ್ರತಿ ವಾಕ್ಯಕ್ಕೂ ಎದೆ ಮುಟ್ಟಿಕೊಳ್ಳುತ್ತ ಹೋದೆ. ಅಮ್ಮ ಪಕ್ಕದಿಂದ ನನ್ನ ಕೈಯನ್ನೇ ನೋಡುತ್ತಿದ್ದಳು.

“ಓಣ್ಯಾಗ ಮದುವಿ ಆದ್ರ ನಾ ಮನಿ ಬಾಗಲಾ ಹಾಕ್ಕೊಂಡು ಕುಂದರ್ತಿದ್ದೆ. ಕರೀಲಿಲ್ಲ ಅಂತ ಅಲ್ಲ. ಕರದ್ರ ಏನು ಮಾಡ್ಲಿ ಅಂತ” ಎಂದರು ಗುಂಡಮ್ಮ.

ಅಮ್ಮ ನನ್ನ ಕೈ ಬಿಟ್ಟು ಜನರತ್ತ ನೋಡಿದಳು. ಆಮೇಲೆ “ನೇನು” ಎಂದಳು. ನಾನು ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ ಎಂದಳು. ಅಲ್ಲಿಂದ ಮುಂದೆ ಕೊನೆಯವರೆಗೂ ‘ನಾನು’ ಎಂದೇ ಹೇಳಿದಳು. ಔಷಧದಲ್ಲಿ ಸುಟ್ಟದ್ದನ್ನು ಹೇಳಿದಳು. ನನ್ನ ಕೈ ರೊಟ್ಟಿ ತಿಂದು ಹುಡುಗಿಯರು ಡಿಗ್ರಿ ಮುಗಿಸಿದರು ಎಂದಳು. ಜನ ನಕ್ಕರು. ಗುಂಡಮ್ಮನಿಗೆ ತಾವು ಹೇಳಿದ್ದು ತಲುಪುತ್ತಿದೆ ಎಂದು ಹುರುಪು ಬಂದು ಇನ್ನಷ್ಟು ಹೇಳಿದರು.

ಮುಗಿದ ಮೇಲೆ ಪ್ರಶ್ನೆಗಳು ಬಂದವು. ಮಗು ಆಗಬಹುದೇ, ಶಾಲೆಯಲ್ಲಿ ಬೇರೆ ಕೂರಿಸುತ್ತಾರೆ ಏನು ಮಾಡಲಿ, ಬೆಳಕಿನ ಚಿಕಿತ್ಸೆ ಎಲ್ಲಿ ಸಿಗುತ್ತದೆ. ಡಾಕ್ಟರಮ್ಮ ಉತ್ತರಿಸುತ್ತ ಸುಸ್ತಾದರು. ಮಗಳ ಮುಖಕ್ಕೆ ದುಪಟ್ಟಾ ಬಿಗಿದಿದ್ದ ತಾಯಿ ಮಾತ್ರ ಡಾಕ್ಟರ ಬಳಿಗೆ ಹೋಗದೆ ಸೀದಾ ಅಮ್ಮನ ಹತ್ತಿರ ಬಂದಳು. ಹಿಂದಿನ ಸಾಲಿನಲ್ಲಿದ್ದವಳಿಗೆ ಅರ್ಥವಾದದ್ದು ತೆಲುಗು ಮಾತ್ರ, ಅಮ್ಮ ತನ್ನದೇ ಕತೆ ಹೇಳುತ್ತಿದ್ದಾಳೆ ಎಂದುಕೊಂಡಿದ್ದಳು. ಅಮ್ಮನ ಕೈ, ಮುಖ, ಕತ್ತು ಎಲ್ಲ ನೋಡಿದಳು.

“ಅಮ್ಮಾ, ನಿಮಗೆ ಎಲ್ಲಿದೆ ಕಲೆ? ಕಾಣುವುದೇ ಇಲ್ಲವಲ್ಲ” ಎಂದು ತೆಲುಗಿನಲ್ಲಿ ಕೇಳಿದಳು.

ನಾನು ಬಿಡಿಸಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ನನ್ನ ಬಲಗೈ ಹಿಡಿದು ಎತ್ತಿ ಅವಳ ಮುಂದೆ ಹಿಡಿದಳು.

“ಇದಿಗೋ, ಇಕ್ಕಡ” ಎಂದಳು. ನೋಡಮ್ಮ, ಇಲ್ಲಿದೆ.

ನಿಮ್ಮ
ಭಕ್ತಿ